ಎಲ್ಲಿ ಲ್ಯಾಗ್ ಆಯ್ತು ಹೇಳಮ್ಮ

ಏಳು ವರ್ಷದ ಹಿಂದೆ ಒಂದು ಸಣ್ಣ ಕನ್ನಡ ಸಿನಿಮಾದ ಬಗ್ಗೆ ಬರೆದಿದ್ದೆ. ‘ಸೆಕೆಂಡ್ ಹಾಫ್ ಲ್ಯಾಗ್, ಹದಿನೈದು ನಿಮಿಷ ಕತ್ತರಿ ಹಾಕಬಹುದಿತ್ತು’ ಅಂತ ಅದರಲ್ಲಿ ಒಂದು ಸಾಲು ಇತ್ತು. ನಮ್ಮ ರಸ್ತೆಯಲ್ಲಿ ಒಬ್ಬರು ಹಿರಿಯರಿದ್ದಾರೆ, ಮೊದಲು ಮೈಸೂರಿನ ಒಂದು ಥಿಯೇಟರಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ಮಾರನೇ ದಿನ ಹಾಲಿನ ಬೂತ್ ಹತ್ತಿರ ಸಿಕ್ಕಿದರು.

“ಓದಿದೆ. ಎಲ್ಲಿ ಲ್ಯಾಗ್ ಆಯ್ತು ಹೇಳಮ್ಮ?”

“ಅದೇ ಅಂಕಲ್, ಇಂಟರ್‌ವಲ್ ಆದಮೇಲೆ...”

“ಇಂಟರ್‌ವಲ್ ಆದಮೇಲೆ ಒಂದು ಗಂಟೆ ಸಿನಿಮಾ ಇದೆ. ಯಾವ ಸೀನು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಬೈಯಲಿಲ್ಲ, ಕೊಂಕು ಆಡಲಿಲ್ಲ, ನಿಜವಾಗಿ ತಿಳಿದುಕೊಳ್ಳೋಕೇ ಕೇಳಿದ್ದರು. ಅದಕ್ಕೇ ಜಾಸ್ತಿ ಕೊರೆಯಿತು.

ಮಂಗಳವಾರ ಅರ್ಧ ದಿನ ರಜೆ ಹಾಕಿ ಮ್ಯಾಟಿನಿಗೆ ಮತ್ತೆ ಹೋದೆ. ಹನ್ನೊಂದು ಜನ ಇದ್ದೆವು. ಈ ಸಲ ಕೈಯಲ್ಲಿ ವಾಚ್ ಇತ್ತು. ನನಗೆ ಬೇಜಾರು ತರಿಸಿದ್ದು ಅಣ್ಣ ತಮ್ಮ ಜಗಲಿ ಮೇಲೆ ಕೂತು ಜಮೀನಿನ ವಿಷಯ ಮಾತಾಡುವ ಸೀನು. ನನ್ನ ನೆನಪಿನಲ್ಲಿ ಅದು ಹತ್ತು ನಿಮಿಷ ಇತ್ತು. ವಾಚ್‌ನಲ್ಲಿ ನಾಲ್ಕೇ ನಿಮಿಷ! ತೊಂದರೆ ಉದ್ದದ್ದಲ್ಲ. ಅಣ್ಣ ಜಮೀನು ಮಾರೋಕೆ ಸಹಿ ಹಾಕಿರುವುದು ನಮಗೆ ಇಂಟರ್‌ವಲ್‌ಗೆ ಮುಂಚೆಯೇ ಗೊತ್ತು, ತಮ್ಮನಿಗೆ ಮಾತ್ರ ಗೊತ್ತಿಲ್ಲ. ಆದರೆ ಕ್ಯಾಮೆರಾ ಪೂರ್ತಿ ಅಣ್ಣನ ಮುಖದ ಮೇಲೇ ಇದೆ. ಯಾರಿಗೆ ಆ ಸುದ್ದಿ ಸಿಡಿಲಿನ ಹಾಗೆ ಬಡಿಯುತ್ತಿದೆಯೋ ಅವನ ಬೆನ್ನು ಮಾತ್ರ ನಮಗೆ ಕಾಣುತ್ತದೆ. ಹಾಗಾಗಿ ಗೊತ್ತಿರುವ ವಿಷಯವನ್ನೇ ಇನ್ನೊಂದು ಸಲ ಕೇಳಿಸಿಕೊಂಡು ಕೂತ ಹಾಗಾಯಿತು.

ಮನೆಗೆ ಬಂದು ಆ ಒಂದು ಸಾಲು ತೆಗೆದು ಇಷ್ಟನ್ನೂ ಬರೆದೆ. ವಿಮರ್ಶೆ ಬರೆಯುವುದು ಅಂದರೆ ಏನು ಅಂತ ನನಗೆ ಅರ್ಥ ಆಗಿದ್ದು ಅವತ್ತು. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವುದು ನನ್ನ ಅನಿಸಿಕೆ. ಪರದೆ ಮೇಲೆ ಏನಿತ್ತು ಅಂತ ತೋರಿಸಿದರೆ ಮಾತ್ರ ಓದುವವರು ತಮ್ಮ ದುಡ್ಡು ಎಲ್ಲಿ ಹಾಕಬೇಕು ಅಂತ ತಾವೇ ನಿರ್ಧಾರ ಮಾಡಬಹುದು, ಅಲ್ವಾ?

ನಾನು ವಾರಕ್ಕೆ ಆರು ದಿನ ಒಂದು ಅಂಗಡಿಯ ಲೆಕ್ಕ ಬರೆಯುವವಳು. ಥಿಯೇಟರಿನಲ್ಲಿ ವಾರಕ್ಕೆ ಒಂದೇ ಸಿನಿಮಾ ನೋಡೋಕಾಗುವುದು. ಆದ್ದರಿಂದ ಯಾವುದನ್ನು ನೋಡಬೇಕು ಅನ್ನುವುದೇ ಮೊದಲ ಕೆಲಸ. ಶುಕ್ರವಾರ ಮೂರು, ನಾಲ್ಕು ಕನ್ನಡ ಸಿನಿಮಾ ಒಟ್ಟಿಗೆ ಬರುವುದು ಮಾಮೂಲು. ದೊಡ್ಡ ಹೀರೋ ಸಿನಿಮಾ ನಾನು ಬರೆಯದಿದ್ದರೂ ಓಡುತ್ತದೆ. ಹೆಸರಿಲ್ಲದವರ ಸಿನಿಮಾಕ್ಕೆ ಬೆಳಗ್ಗೆ ಒಂದು ಷೋ, ಸಂಜೆ ಒಂದು ಷೋ ಕೊಟ್ಟಿರುತ್ತಾರೆ, ಮುಂದಿನ ಶುಕ್ರವಾರ ಅದೂ ಇರುವುದಿಲ್ಲ. ಅದಕ್ಕೇ ನಾನು ಸಣ್ಣದನ್ನು ಮೊದಲು ನೋಡುತ್ತೇನೆ, ಶನಿವಾರ ರಾತ್ರಿ ಮಲಗುವುದರೊಳಗೆ ಬರೆದು ಹಾಕುತ್ತೇನೆ. ಬುಧವಾರ ಬರೆದರೆ ಓದಿದವರಿಗೆ ಹೋಗೋಕೆ ಷೋ ಉಳಿದಿರುವುದಿಲ್ಲ.

ಹೋಗುವ ಮೊದಲು ಬೇರೆಯವರ ವಿಮರ್ಶೆ ಪೂರ್ತಿ ಓದುವುದಿಲ್ಲ. ಅಂಕಿಗಳನ್ನು ನೋಡುತ್ತೇನೆ, ಆದರೆ ಬರೀ ಸರಾಸರಿಯನ್ನಲ್ಲ. ಸಿನಿಮಾಗಳಿಗೆ ಜನ ಅಂಕ ಕೊಡುವ ಐಎಂಡಿಬಿ ವೆಬ್‌ಸೈಟಿನಲ್ಲಿ ಹತ್ತಕ್ಕೆ ಆರು ಅಂತ ಇದ್ದರೆ, ಒಂದರಿಂದ ಹತ್ತರವರೆಗೆ ಯಾವ ಅಂಕವನ್ನು ಎಷ್ಟು ಜನ ಕೊಟ್ಟಿದ್ದಾರೆ ಅನ್ನುವ ಪಟ್ಟಿಯೂ ಅಲ್ಲೇ ಸಿಗುತ್ತದೆ. ಜಾಸ್ತಿ ಜನ ಐದು, ಆರು, ಏಳು ಕೊಟ್ಟಿದ್ದರೆ ಅದು ಒಂದು ಥರದ ಸಿನಿಮಾ. ಹೆಚ್ಚುಕಡಿಮೆ ಅರ್ಧ ಜನ ಹತ್ತು, ಉಳಿದವರು ಒಂದು ಕೊಟ್ಟಿದ್ದರೆ ಎರಡು ಸಾಧ್ಯತೆ. ಒಂದೋ ಅಭಿಮಾನಿಗಳ ಜಗಳ, ಇಲ್ಲವೇ ಜನರನ್ನು ನಿಜವಾಗಿ ಎರಡು ಪಾಲು ಮಾಡಿದ ಸಿನಿಮಾ. ಎರಡನೆಯದಾದರೆ ನಾನು ಹೋಗಲೇಬೇಕು. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಈಗ ಸೆನ್ಸಾರ್ ಸರ್ಟಿಫಿಕೇಟ್ ಕೂಡ ಸಹಾಯಕ್ಕೆ ಬರುತ್ತದೆ. ಚಿಕ್ಕ ಮಕ್ಕಳಿಗೆ ತೋರಿಸಬೇಕೋ ಬೇಡವೋ ಅಂತ ದೊಡ್ಡವರೇ ನೋಡಿಕೊಳ್ಳಬೇಕಾದ ಸಿನಿಮಾಕ್ಕೆ ಯು/ಎ ಕೊಡುತ್ತಾರೆ, 2024ರಿಂದ ಅದನ್ನು ವಯಸ್ಸಿನ ಪ್ರಕಾರ 7+, 13+, 16+ ಅಂತ ಒಡೆದಿದ್ದಾರೆ. ಅಕ್ಕನ ಮಗನಿಗೆ ಎಂಟು ವರ್ಷ. ಅವಳು ಫೋನ್ ಮಾಡಿದರೆ ಕೇಳುವ ಮೊದಲ ಪ್ರಶ್ನೆಯೇ ಅದು.

ಆದರೆ ನನ್ನನ್ನು ಎಬ್ಬಿಸಿ ಥಿಯೇಟರಿಗೆ ಕಳಿಸಿದ್ದು ಯಾವತ್ತೂ ಅಂಕಿಯಲ್ಲ. ‘ತಿಥಿ’ ಸಿನಿಮಾ ಬಂದಾಗಿನ ಮಾತು ಹೇಳುತ್ತೇನೆ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂದಿತ್ತು, 2016ರ ಮೇನಲ್ಲಿ ಇಲ್ಲಿ ಬಿಡುಗಡೆ ಆಯಿತು. ಪ್ರಶಸ್ತಿ ಅಂದ ಕೂಡಲೇ ‘ಅವಾರ್ಡ್ ಸಿನಿಮಾ, ನಿಧಾನ ಇರುತ್ತೆ’ ಅಂತ ಮನೆಯಲ್ಲಿ ಎಲ್ಲರೂ ಹಿಂದೆ ಸರಿದರು, ನಾನೂ ಸರಿದಿದ್ದೆ. ಆಮೇಲೆ ಯಾರೋ ಮೊದಲ ಸೀನನ್ನು ಹೇಳಿದರು. ಒಬ್ಬ ಮುದುಕ ದಾರಿ ಬದಿ ಕೂತಿದ್ದಾನೆ. ಹೋಗುವವರಿಗೆಲ್ಲ ಬಾಯಿಗೆ ಬಂದ ಹಾಗೆ ಬೈಯುತ್ತಾನೆ. ಆಮೇಲೆ ಎದ್ದು ಹೋಗುತ್ತಾ ಬಿದ್ದು ಸತ್ತೇ ಹೋಗುತ್ತಾನೆ. ಆಡಿರುವವರು ನಟರಲ್ಲ, ಮಂಡ್ಯ ಕಡೆಯ ಹಳ್ಳಿಯ ಜನ. ಇಷ್ಟೇ ಕೇಳಿದ್ದು. ಅವತ್ತೇ ಸಂಜೆ ಟಿಕೆಟ್ ತಗೊಂಡೆ. ಲೊಕಾರ್ನೊ ಮಾಡಲಾಗದ ಕೆಲಸವನ್ನು ಆ ನಾಲ್ಕು ಮಾತು ಮಾಡಿದವು.

ಹಾಲ್‌ನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳುತ್ತೇನೆ. ಫೋನ್ ತೆಗೆಯುವುದಿಲ್ಲ, ಹಿಂದೆ ಕೂತವರ ಕಣ್ಣಿಗೆ ಬೆಳಕು ಹೊಡೆಯುತ್ತದೆ. ಕತ್ತಲಲ್ಲಿ ಬರೆದರೆ ಒಂದರ ಮೇಲೊಂದು ಸಾಲು ಬಿದ್ದು ಏನೂ ಓದೋಕಾಗುತ್ತಿರಲಿಲ್ಲ. ಈಗ ಎಡಗೈ ಹೆಬ್ಬೆರಳನ್ನು ಬರೆದ ಸಾಲಿನ ಮೇಲೆ ಒತ್ತಿಟ್ಟು ಅದರ ಕೆಳಗೆ ಮುಂದಿನದು ಬರೆಯುತ್ತೇನೆ. ಒಂದು ಸಾಲಿಗೆ ಎರಡೇ ಪದ. ‘ಕೊಡೆ ಹರಿದಿದೆ.’ ‘ಅಜ್ಜಿ ನಗಲಿಲ್ಲ.’ ಅಷ್ಟು ಸಾಕು, ಸೀನು ಪೂರ್ತಿ ವಾಪಸ್ ಬರುತ್ತದೆ. ಇಂಟರ್‌ವಲ್ ಹತ್ತು ನಿಮಿಷ ನನಗೆ ತುಂಬಾ ಮುಖ್ಯ. ಮುಂದೆ ಏನು ತಿಳಿದುಕೊಳ್ಳೋಕೆ ನಾನು ಕಾಯುತ್ತಿದ್ದೇನೆ ಅಂತ ಬರೆದಿಡುತ್ತೇನೆ. ಸಿನಿಮಾ ಮುಗಿದ ಮೇಲೆ ನನ್ನ ಅಭಿಪ್ರಾಯ ತಾನಾಗೇ ಬಣ್ಣ ಬದಲಿಸುತ್ತದೆ, ‘ನನಗೆ ಮೊದಲೇ ಗೊತ್ತಿತ್ತು’ ಅನಿಸತೊಡಗುತ್ತದೆ. ಇಂಟರ್‌ವಲ್‌ನ ಪುಟ ಹಾಗೆ ಬದಲಾಗುವುದಿಲ್ಲ.

ಎಲ್ಲಿ, ಯಾವ ಷೋ ನೋಡಿದೆ ಅಂತಲೂ ಬರೆಯುತ್ತೇನೆ. ಒಂದು ಸಿನಿಮಾದಲ್ಲಿ ಮಾತೇ ಸರಿಯಾಗಿ ಕೇಳಿಸಲಿಲ್ಲ. ಸೌಂಡ್ ಕೆಟ್ಟದಾಗಿದೆ ಅಂತ ಬರೆಯೋಕೆ ಹೊರಟಿದ್ದೆ. ಗೆಳತಿ ಬೇರೆ ಥಿಯೇಟರಿನಲ್ಲಿ ನೋಡಿದ್ದಳು, ಅವಳಿಗೆ ಪಿಸುಮಾತು ಕೂಡ ಕೇಳಿಸಿತ್ತು. ಸ್ಪೀಕರ್ ತಪ್ಪನ್ನು ಸಿನಿಮಾದ ತಲೆಗೆ ಕಟ್ಟಿಬಿಡುತ್ತಿದ್ದೆ. ಹಾಗೇ ಮೊದಲ ದಿನ ಮೊದಲ ಷೋ ಕೂಡ. ಶಿಳ್ಳೆ, ಚಪ್ಪಾಳೆ, ಪೇಪರ್ ಚೂರಿನ ಮಧ್ಯೆ ನೋಡಿದ ಫೈಟು ಸೋಮವಾರ ಮಧ್ಯಾಹ್ನ ಅಷ್ಟು ಮಜಾ ಕೊಡುವುದಿಲ್ಲ. ಆ ಸಂಭ್ರಮ ಸುಳ್ಳು ಅಂತಲ್ಲ, ಆದರೆ ಸೋಮವಾರ ಹೋಗುವವರಿಗೆ ಅದನ್ನು ಹೇಳಬೇಕು.

ಬರೆಯುವಾಗ ನನ್ನ ಕೈಯಿಂದ ತಾವಾಗಿ ಬರುವ ಕೆಲವು ಮಾತುಗಳಿವೆ. ‘ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ.’ ‘ಛಾಯಾಗ್ರಹಣ ಕಣ್ಣಿಗೆ ಹಬ್ಬ.’ ‘ಒಮ್ಮೆ ನೋಡಬಹುದು.’ ಚಿಕ್ಕಂದಿನಿಂದ ಪೇಪರಿನಲ್ಲಿ ಓದಿ ಓದಿ ಬಾಯಿಪಾಠ ಆಗಿಬಿಟ್ಟಿವೆ. ಬಂದಾಗ ತಡೆಯುವುದಿಲ್ಲ, ಬರಲಿ ಬಿಡಿ. ಮುಗಿದ ಮೇಲೆ ಒಂದೊಂದನ್ನೇ ಹುಡುಕಿ ಆ ಅಂಕಲ್ ಥರ ನನ್ನನ್ನೇ ಕೇಳಿಕೊಳ್ಳುತ್ತೇನೆ. ಹಬ್ಬ ಅಂದೆಯಲ್ಲ, ಯಾವ ಶಾಟು? ಉತ್ತರ ಸಿಕ್ಕರೆ ಆ ಶಾಟ್ ಬರೆಯುತ್ತೇನೆ. ಸಿಗದಿದ್ದರೆ ಸಾಲು ಹೋಗುತ್ತದೆ. ಒಂದೊಂದು ಸಲ ಅರ್ಧ ವಿಮರ್ಶೆಯೇ ಹೋಗಿದೆ. ಕಥೆ ಎಷ್ಟು ಹೇಳಬೇಕು ಅನ್ನುವುದಕ್ಕೆ ನನ್ನ ಗೆರೆ ಸುಲಭದ್ದು. ಮೊದಲ ಅರ್ಧ ಗಂಟೆಯ ಆಚೆಗೆ ನಡೆದದ್ದನ್ನು ಹೇಳುವುದಿಲ್ಲ.

ಎರಡು ವರ್ಷದಿಂದ ವಿಡಿಯೊ ಕೂಡ ಮಾಡುತ್ತಿದ್ದೇನೆ. ಫ್ಯಾನ್ ಆಫ್ ಮಾಡಿ, ಬೀರು ಬಾಗಿಲು ತೆಗೆದು ನೇತುಹಾಕಿದ ಸೀರೆಗಳ ಮುಂದೆ ಕೂತು ಮಾತಾಡಿದರೆ ದನಿ ಗೋಡೆಗೆ ಬಡಿದು ವಾಪಸ್ ಬರುವುದಿಲ್ಲ, ಬೇರೆ ಖರ್ಚೇ ಬೇಕಿಲ್ಲ. ಸಿನಿಮಾದ ತುಣುಕು ಹಾಕುವುದಿಲ್ಲ, ಯೂಟ್ಯೂಬ್‌ನಲ್ಲಿ ಕಾಪಿರೈಟ್ ತೊಂದರೆ ಬರುತ್ತದೆ. ನಾಲ್ಕು ನಿಮಿಷ. ಬರೆದದ್ದನ್ನು ಓದಿದರೆ ಸುದ್ದಿ ಓದಿದ ಹಾಗೆ ಕೇಳುತ್ತದೆ, ಅದಕ್ಕೆ ನೋಟ್‌ಬುಕ್ ಮಾತ್ರ ಮುಂದಿಟ್ಟುಕೊಂಡು ಅಕ್ಕನಿಗೆ ಹೇಳುವ ಹಾಗೆ ಹೇಳುತ್ತೇನೆ. ಸ್ಟಾರ್ ಕೊಡುವುದಿಲ್ಲ. ‘ಐದಕ್ಕೆ ಎಷ್ಟು ಮೇಡಂ’ ಅಂತ ಕೇಳುವವರು ಇದ್ದಾರೆ, ಕೊಟ್ಟರೆ ಅದೊಂದನ್ನು ನೋಡಿ ಉಳಿದದ್ದನ್ನು ಬಿಟ್ಟುಬಿಡುತ್ತಾರೆ ಅನ್ನುವ ಭಯ ನನಗೆ.

ಹೋದ ಚಳಿಗಾಲದಲ್ಲಿ ಒಂದು ಸಿನಿಮಾ ನನಗೆ ಹಿಡಿಸಲಿಲ್ಲ. ಯಾಕೆ ಅಂತ ಬರೆದೆ. ಹಾಗೆ ಬರೆಯುವಾಗ ಅತ್ತೆ ಸೊಸೆ ಮಾತಿಲ್ಲದೆ ಕೂತು ಅವರೆಕಾಯಿ ಸುಲಿಯುವ ಸೀನನ್ನೂ ಹೇಳಿದ್ದೆ. ಸೊಸೆ ಸುಲಿದದ್ದನ್ನು ಅತ್ತೆ ಒಂದೊಂದಾಗಿ ಮತ್ತೆ ನೋಡುತ್ತಾಳೆ, ಒಂದು ಹುಳುಕು ಕಾಳು ತೆಗೆದು ಸೊಸೆಯ ಮುಂದೆ ಇಡುತ್ತಾಳೆ. ಸಿನಿಮಾ ಈ ಜಗಳವನ್ನು ಆಮೇಲೆ ಅರ್ಧಕ್ಕೇ ಬಿಟ್ಟುಬಿಟ್ಟಿತು ಅನ್ನುವುದು ನನ್ನ ದೂರಾಗಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಭಾನುವಾರ ಪಕ್ಕದ ಮನೆಯ ಇಬ್ಬರನ್ನು ಕರೆದುಕೊಂಡು ಅದೇ ಸಿನಿಮಾಕ್ಕೆ ಹೊರಟರು.

“ನನಗೆ ಇಷ್ಟ ಆಗಲಿಲ್ಲ ಅಂತ ಬರೆದಿದ್ದೀನಲ್ಲಮ್ಮ?”

“ನಿನಗೆ ಇಷ್ಟ ಆಗಿಲ್ಲ. ನಾನು ಆ ಅವರೆಕಾಯಿ ನೋಡಬೇಕು.”

ಎಂಟು ಗಂಟೆಗೆ ಮೂವರೂ ಆಟೊ ಇಳಿದರು. ಆ ಅತ್ತೆ ಮಾಡಿದ್ದು ಸರಿಯೋ ತಪ್ಪೋ ಅಂತ ಗೇಟ್ ಹತ್ತಿರವೇ ನಿಂತು ಇನ್ನೂ ಅರ್ಧ ಗಂಟೆ ವಾದ ಮಾಡುತ್ತಿದ್ದರು. ನಾನು ನೋಟ್‌ಬುಕ್ ತಂದು ಮೆಟ್ಟಿಲ ಮೇಲೆ ಕೂತು ಬರೆದುಕೊಂಡೆ.