ಲಿಂಕ್ ಪ್ರೆಡಿಕ್ಷನ್: ಪರೀಕ್ಷೆಯ ಕೊಂಡಿಗಳನ್ನು ಮೊದಲೇ ಎತ್ತಿಡಿ

ಹುಬ್ಬಳ್ಳಿ-ಧಾರವಾಡದ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ '99% ನಿಖರ' ಎಂಬ ಸಾಲನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ದೊಡ್ಡ ನೆಟ್‌ವರ್ಕಿನಲ್ಲಿ ಮುಂದೆ ಯಾರ ನಡುವೆ ಕೊಂಡಿ ಬೀಳುತ್ತದೆ ಎಂದು ಊಹಿಸುವ 'ಲಿಂಕ್ ಪ್ರೆಡಿಕ್ಷನ್' ಪ್ರಾಜೆಕ್ಟುಗಳು ಅವು. ಆ 99ನ್ನು ನಂಬಬೇಡಿ. ಸ್ಟ್ಯಾನ್‌ಫರ್ಡ್‌ನ ಫೇಸ್‌ಬುಕ್ ಡೇಟಾದಲ್ಲಿ 4,039 ಜನ, 88,234 ಗೆಳೆತನ. ಆಗಬಹುದಾದ ಜೋಡಿಗಳು 81 ಲಕ್ಷಕ್ಕೂ ಜಾಸ್ತಿ. ಏನೂ ಕಲಿಯದೆ ಎಲ್ಲಕ್ಕೂ 'ಇಲ್ಲ' ಎಂದರೂ ಸುಮಾರು 99% ಸರಿಯಾಗುತ್ತದೆ.

ಮೊದಲ ಹೆಜ್ಜೆ, ಕೊಂಡಿ ಎಂದರೇನು ಎಂದು ತೀರ್ಮಾನಿಸಿ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಲೆಕ್ಕ ನಿಮ್ಮ ಬಳಿ ಇದೆ ಎಂದುಕೊಳ್ಳಿ. ದಲಾಲರು ಒಂದು ಕಡೆ, ಖರೀದಿದಾರರು ಇನ್ನೊಂದು ಕಡೆ, ನಡುವಿನ ವ್ಯಾಪಾರವೇ ಕೊಂಡಿ. ಒಂದೇ ಅಂಗಡಿಯ ಹೆಸರು ಎರಡು ಥರ ಬರೆದಿದ್ದರೆ ಒಂದು ಮಾಡಿ.

ಎರಡನೆಯದು, ಡೇಟಾ ಭಾಗ ಮಾಡುವುದು. ಎಲ್ಲರೂ ಎಡವುವುದು ಇಲ್ಲೇ. ಇಡೀ ನೆಟ್‌ವರ್ಕಿನ ಮೇಲೆ ನೋಡ್‌2ವೆಕ್ (ಸುತ್ತಲಿನ ಕೊಂಡಿಗಳನ್ನು ನೋಡಿ ಪ್ರತಿಯೊಬ್ಬರಿಗೂ ಒಂದು ಅಂಕಿಪಟ್ಟಿ ಕೊಡುವ ವಿಧಾನ) ಓಡಿಸಿ, ಆಮೇಲೆ ಕೊಂಡಿಗಳನ್ನು ಭಾಗ ಮಾಡುತ್ತಾರೆ. ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಕೊಟ್ಟಂತಾಯಿತು. ಬೇರೆ ಏನನ್ನೂ ಲೆಕ್ಕ ಹಾಕುವ ಮೊದಲೇ ಪರೀಕ್ಷೆಯ ಕೊಂಡಿಗಳನ್ನು ತೆಗೆದಿಡಿ. ತಾರೀಖು ಇದ್ದರೆ ತಾರೀಖಿನ ಮೇಲೆಯೇ ಭಾಗ ಮಾಡಿ: ಫೆಬ್ರವರಿವರೆಗಿನ ವ್ಯಾಪಾರ ಕಲಿಕೆಗೆ, ಮಾರ್ಚಿನದು ಪರೀಕ್ಷೆಗೆ. ಮೊದಲೇ ವ್ಯಾಪಾರ ಮಾಡಿದ್ದ ಜೋಡಿ ಮಾರ್ಚಿನಲ್ಲೂ ಬಂದರೆ ಅದು ಹೊಸ ಕೊಂಡಿಯಲ್ಲ, ಬಿಟ್ಟುಬಿಡಿ.

'ಇಲ್ಲ' ಎನ್ನುವ, ಅಂದರೆ ನಡುವೆ ಕೊಂಡಿಯಿಲ್ಲದ ಜೋಡಿಗಳನ್ನೂ ನೋಡಿಯೇ ಆರಿಸಿ. ನಮ್ಮ ಈ ಲೆಕ್ಕದಲ್ಲಿ ದಲಾಲರ ನಡುವೆ ಕೊಂಡಿಯೇ ಇಲ್ಲ. ಅಂಥ ಜೋಡಿ ಸೇರಿಸಿದರೆ ಅಂಕ ಸುಮ್ನೆ ಏರುತ್ತದೆ. ಒಬ್ಬ ದಲಾಲ, ಒಬ್ಬ ಖರೀದಿದಾರ, ನಡುವೆ ಮೂರೇ ಹೆಜ್ಜೆ ದೂರ (ದಲಾಲನಿಂದ ಅವನ ಖರೀದಿದಾರ, ಅಲ್ಲಿಂದ ಇನ್ನೊಬ್ಬ ದಲಾಲ, ಅಲ್ಲಿಂದ ಈ ಖರೀದಿದಾರ), ಆದರೂ ವ್ಯಾಪಾರ ಆಗಿಲ್ಲ: ಇಂಥವನ್ನು ಹೆಚ್ಚಾಗಿ ಹಾಕಿ.

ಕೊಂಡಿಗಳನ್ನು ಭಾಗ ಮಾಡಲು ಪೈಟಾರ್ಚ್ ಜಿಯೊಮೆಟ್ರಿಕ್ ಎಂಬ ಪೈಥಾನ್ ಲೈಬ್ರರಿಯ 'ರ್‍ಯಾಂಡಮ್ ಲಿಂಕ್ ಸ್ಪ್ಲಿಟ್' ಬಳಸುವವರು ಒಂದು ನೆನಪಿಡಿ. ದಿಕ್ಕಿಲ್ಲದ (ಗೆಳೆತನದಂತೆ ಎರಡೂ ಕಡೆಯಿಂದ ಒಂದೇ ಆದ) ನೆಟ್‌ವರ್ಕಾದರೆ 'ಈಸ್ ಅನ್‌ಡೈರೆಕ್ಟೆಡ್' ಅನ್ನು ನೀವೇ 'ಟ್ರೂ' ಮಾಡಬೇಕು. ಮರೆತರೆ ಒಂದೇ ಕೊಂಡಿಯ ಒಂದು ಮುಖ ಕಲಿಕೆಗೂ ಇನ್ನೊಂದು ಮುಖ ಪರೀಕ್ಷೆಗೂ ಹೋಗಬಹುದು.

ಮೂರನೆಯದು ಮಾಡೆಲ್. ನ್ಯೂರಲ್ ನೆಟ್‌ವರ್ಕಿಗೆ ಕೈ ಹಾಕುವ ಮೊದಲು ಸರಳ ಎಣಿಕೆ ಮಾಡಿ. ಗೆಳೆತನದಲ್ಲಾದರೆ ಇಬ್ಬರಿಗೂ ಪರಿಚಯದವರು ಎಷ್ಟು ಎಂದು ಎಣಿಸಿದರೆ ಸಾಕು. ದಲಾಲ-ಖರೀದಿದಾರರಲ್ಲಿ ಆ ಎಣಿಕೆ ಯಾವಾಗಲೂ ಸೊನ್ನೆ, ಅದಕ್ಕೇ ಮೂರು ಹೆಜ್ಜೆಯ ದಾರಿಗಳನ್ನು ಎಣಿಸಿ. ಇದನ್ನು ಮೀರಿಸಿದರೆ ಮಾತ್ರ 2016ರ ನೋಡ್‌2ವೆಕ್ ಆಗಲಿ, 2017ರ ಗ್ರಾಫ್‌ಸೇಜ್ ಎಂಬ ನ್ಯೂರಲ್ ಮಾಡೆಲ್ ಆಗಲಿ ವರದಿಯಲ್ಲಿ ಇರಲಿ. ಕೊಂಡಿಗಳು ಲಕ್ಷಗಟ್ಟಲೆ ಇದ್ದರೆ ನೆಟ್‌ವರ್ಕ್‌ಎಕ್ಸ್ ಎಂಬ ಪೈಥಾನ್ ಲೈಬ್ರರಿ ತೆವಳುತ್ತದೆ, ಅದರ ಬದಲು ಐಗ್ರಾಫ್ ಲೈಬ್ರರಿ ಹಿಡಿಯಿರಿ.

ಕೊನೆಗೆ ಅಂಕ. ಪ್ರತಿ ದಲಾಲನಿಗೂ ಮಾಡೆಲ್ ಸೂಚಿಸಿದ ಮೊದಲ 10 ಹೊಸ ಖರೀದಿದಾರರನ್ನು ತೆಗೆಯಿರಿ. ಅವರಲ್ಲಿ ಎಷ್ಟು ಜನ ಮಾರ್ಚಿನಲ್ಲಿ ನಿಜವಾಗಿ ಅವನ ಬಳಿ ಕೊಂಡರು ಎಂದು ಎಣಿಸಿ. ಸರಳ ಎಣಿಕೆಯ ಅಂಕವನ್ನೂ ಪಕ್ಕದಲ್ಲೇ ಬರೆಯಿರಿ.