ಕಡಲೆ ಹೊಲಕ್ಕೊಂದು ಲೆಕ್ಕ, ಜೋಳದ ಹೊಲಕ್ಕೊಂದು ಲೆಕ್ಕ

ರಾಣೆಬೆನ್ನೂರು ಸೀಮೆಯ ನಮ್ಮ ಎರೆ ಹೊಲದಲ್ಲಿ ಮುಂಗಾರು ಎಂದರೆ ಗೋವಿನಜೋಳವೇ. ಅಕ್ಟೋಬರಿನಲ್ಲಿ ತೆನೆ ಮುರಿದ ಮೇಲೆ, ನೆಲದಲ್ಲಿ ತೇವ ಇರುವಷ್ಟರಲ್ಲೇ ಅರ್ಧ ಹೊಲಕ್ಕೆ ಕಡಲೆ, ಇನ್ನರ್ಧಕ್ಕೆ ಬಿಳಿಜೋಳ ಬಿತ್ತುತ್ತೇವೆ. ಕಡಲೆ ರೊಕ್ಕಕ್ಕೆ, ಜೋಳ ರೊಟ್ಟಿಗೆ ಮತ್ತು ಎತ್ತುಗಳ ಕಣಿಕೆಗೆ. ಮರುವರ್ಷ ಎರಡೂ ಭಾಗಕ್ಕೆ ಗೋವಿನಜೋಳದ ಒಂದೇ ಬೀಜ, ಒಂದೇ ಕೂರಿಗೆ, ಒಂದೇ ಅಳತೆಯ ಗೊಬ್ಬರ ಬೀಳುತ್ತಿತ್ತು. ಆದರೂ ಬೆಳೆ ಮೊಣಕಾಲೆತ್ತರ ಬರುವ ಹೊತ್ತಿಗೆ ಬದುವಿನ ಮೇಲೆ ನಿಂತರೆ ಹಿಂಗಾರಿನ ಗಡಿ ಕಣ್ಣಿಗೆ ಹೊಡೆಯುತ್ತಿತ್ತು. ಕಡಲೆ ಇದ್ದ ಕಡೆ ಕಪ್ಪು ಹಸಿರು, ಜೋಳ ಇದ್ದ ಕಡೆ ಪೇಲವ.

ನಮ್ಮ ಕಡೆ ಮಳೆಯಾಶ್ರಿತ ಗೋವಿನಜೋಳಕ್ಕೆ ಹೆಕ್ಟೇರಿಗೆ 100 ಕಿಲೋ ಸಾರಜನಕ ಎಂಬುದು ಶಿಫಾರಸು. ಎಕರೆಗೆ 40 ಕಿಲೋ ಆಯಿತು. ಸಾರಜನಕ, ರಂಜಕ ಎರಡೂ ಇರುವ ಡಿಎಪಿ ಗೊಬ್ಬರದ 50 ಕಿಲೋ ಚೀಲದಲ್ಲಿ 9 ಕಿಲೋ ಸಾರಜನಕ, 45 ಕಿಲೋ ಯೂರಿಯಾ ಚೀಲದಲ್ಲಿ 20 ಕಿಲೋ ಚಿಲ್ಲರೆ. ಅಂದರೆ ಎಕರೆಗೆ ಒಂದು ಡಿಎಪಿ, ಒಂದೂವರೆ ಯೂರಿಯಾ. ಈ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಹಿಂಗಾರಿನಲ್ಲಿ ಆ ನೆಲದಲ್ಲಿ ಏನಿತ್ತು ಎಂದು ಅದು ಕೇಳುವುದಿಲ್ಲ. ಮಣ್ಣು ಆರೋಗ್ಯ ಚೀಟಿಯೂ ಅಷ್ಟೇ. ಎರಡೂ ಭಾಗದ ಮಣ್ಣು ಕಳಿಸಿದರೆ ಎರಡಕ್ಕೂ ಸಾರಜನಕ ‘ಕಡಿಮೆ’ ಎಂದೇ ಬಂತು, ಅಂದರೆ ಹೆಕ್ಟೇರಿಗೆ 280 ಕಿಲೋಗಿಂತ ಕೆಳಗೆ. ಜೂನ್ ತಿಂಗಳಲ್ಲಿ ಬೇರಿಗೆ ಎಷ್ಟು ಸಿಗುತ್ತದೆ ಎಂಬುದು ಆ ಚೀಟಿಯಿಂದ ತಿಳಿಯದು.

ಕಡಲೆ ನೆಲಕ್ಕೆ ಸಾರಜನಕ ತುಂಬುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಒಂದು ಗುಣಾಕಾರ ಮಾಡಿ ನೋಡಿದರೆ ಆ ಮಾತು ಅಷ್ಟು ಸಲೀಸಲ್ಲ. ಎಕರೆಗೆ ಆರು ಕ್ವಿಂಟಲ್ ಕಡಲೆ ಬಂದರೆ, ಕಾಳಿನಲ್ಲಿ ನೂರಕ್ಕೆ 20 ಪಾಲು ಪ್ರೋಟೀನ್, ಅದರಲ್ಲಿ ಸುಮಾರು ಆರನೇ ಒಂದು ಪಾಲು ಸಾರಜನಕ ಎಂದು ಹಿಡಿದರೂ, ಹತ್ತಿರ ಹತ್ತಿರ 19 ಕಿಲೋ ಸಾರಜನಕ ಚೀಲ ತುಂಬಿ ಮಾರುಕಟ್ಟೆಗೆ ಹೋಗುತ್ತದೆ. ನಮ್ಮಲ್ಲಿ ಕಡಲೆಯನ್ನು ಬುಡಸಮೇತ ಕಿತ್ತು ಕಣಕ್ಕೆ ತರುವ ರೂಢಿ, ಹೊಟ್ಟು ದನಕ್ಕೆ. ಹೊಲದಲ್ಲಿ ಉಳಿಯುವುದು ಉದುರಿದ ಎಲೆ ಮತ್ತು ಮುರಿದ ಬೇರಿನ ತುಣುಕು. ಇಷ್ಟರಿಂದಲೇ ಆ ಕಪ್ಪು ಹಸಿರು ಬಂತೆಂದು ನನಗೆ ನಂಬಿಕೆ ಬರಲಿಲ್ಲ.

ಗುಟ್ಟು ಬಿಟ್ಟುಕೊಟ್ಟದ್ದು ಬೀಳು ಬಿದ್ದ ತುಂಡು. ಒಂದು ಹಿಂಗಾರಿನಲ್ಲಿ ಮಳೆ ಕೈಕೊಟ್ಟು ಮೇಲಿನ ಒಂದೆಕರೆ ಬಿತ್ತದೇ ಉಳಿಯಿತು. ಮರುವರ್ಷ ಅಲ್ಲಿನ ಗೋವಿನಜೋಳ ಕಡಲೆ ಹೊಲದ್ದಕ್ಕೆ ಹೆಚ್ಚುಕಡಿಮೆ ಸಮವಾಗಿ ನಿಂತಿತು. ಬೀಳು ನೆಲಕ್ಕೆ ಏನನ್ನೂ ಕೊಟ್ಟಿರಲಿಲ್ಲ, ಅಲ್ಲಿಂದ ಏನನ್ನೂ ತೆಗೆದಿರಲೂ ಇಲ್ಲ. ಕಡಲೆಯ ಉಪಕಾರದಲ್ಲಿ ದೊಡ್ಡ ಪಾಲು ಇದೇ ಎಂದು ನನ್ನ ತೀರ್ಮಾನ: ತನಗೆ ಬೇಕಾದ ಸಾರಜನಕದಲ್ಲಿ ಬಹುಭಾಗವನ್ನು ಗಾಳಿಯಿಂದ ಹಿಡಿದು, ಮಣ್ಣಿನದನ್ನು ಮುಂದಿನ ಬೆಳೆಗೆ ಬಿಟ್ಟುಹೋಗುತ್ತದೆ. ಅದೂ ಗಾಳಿಯ ಸಾರಜನಕ ಹಿಡಿಯುವ ಬೇರುಗಂಟು ಕೆಲಸ ಮಾಡಿದ್ದರೆ ಮಾತ್ರ. ಹೂ ಬಿಡುವ ಹೊತ್ತಿಗೆ ನಾಲ್ಕಾರು ಗಿಡ ಅಗೆದು ಗಂಟನ್ನು ಉಗುರಿನಿಂದ ಸೀಳಿ ನೋಡುತ್ತೇನೆ. ಒಳಗೆ ಗುಲಾಬಿ ಬಣ್ಣವಿದ್ದರೆ ಸರಿ. ಬಿಳುಚಿಕೊಂಡಿದ್ದರೆ ಅಥವಾ ಹಸಿರಾಗಿದ್ದರೆ ಆ ಕಡಲೆಯೂ ಮಣ್ಣನ್ನೇ ಉಂಡಿದೆ ಎಂದು ಲೆಕ್ಕ.

ಬಿಳಿಜೋಳದ ಕಥೆ ಬೇರೆ. ಅದರ ಬೇರು ಎರೆ ನೆಲದಲ್ಲಿ ಆಳಕ್ಕಿಳಿದು ಇದ್ದಬದ್ದ ಸಾರಜನಕವನ್ನು ಬಳಿದುಕೊಳ್ಳುತ್ತದೆ. ಅದು ಸಾಲದು ಎಂಬಂತೆ ಕೂಳೆಯದೊಂದು ಕಾಟ. ಗಟ್ಟಿ ಬುಡ, ಒಣ ಬೇರು. ಇಂಗಾಲ ಹೆಚ್ಚು, ಸಾರಜನಕ ತೀರಾ ಕಡಿಮೆ. ಮಳೆ ಬಿದ್ದು ಅದು ಕೊಳೆಯತೊಡಗಿದಾಗ, ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎತ್ತಿಕೊಳ್ಳುತ್ತವೆ. ಕೈಗಡ ಇದ್ದ ಹಾಗೆ: ವಾಪಸು ಬರುವುದು ಖಂಡಿತ, ಆದರೆ ನಮಗೆ ಬೇಕಾದಾಗಲ್ಲ. ಗೋವಿನಜೋಳಕ್ಕೆ ಹಸಿವು ಏರುವುದು ಮೊಣಕಾಲೆತ್ತರದಿಂದ ಸೂಲಂಗಿ, ಅಂದರೆ ಗಿಡದ ತುದಿಯ ಗಂಡು ಹೂ, ಹೊರಡುವವರೆಗೆ. ಕೂಳೆ ಸಾಲ ತೀರಿಸುವುದು ಅದು ದಾಟಿದ ಮೇಲೆ.

ಆದ್ದರಿಂದ ಈಗ ನಾನು ಎರಡು ಅಳತೆ ಹಿಡಿದಿದ್ದೇನೆ. ಬಿತ್ತುವಾಗ ಒಂದು ಚೀಲ ಡಿಎಪಿ ಎರಡೂ ಕಡೆ ಇದೆ. ರಂಜಕದಲ್ಲಿ ಕೈ ಬಿಗಿ ಹಿಡಿಯುವುದಿಲ್ಲ. ಕಡಲೆ ಇದ್ದ ಕಡೆ ಬಿತ್ತನೆಗೆ ಯೂರಿಯಾ ಇಲ್ಲ, ತಿಂಗಳ ಹೊತ್ತಿಗೆ ಒಂದು ಚೀಲ. ಒಟ್ಟು ಸುಮಾರು 30 ಕಿಲೋ ಸಾರಜನಕ. ಜೋಳ ಇದ್ದ ಕಡೆ ಬಿತ್ತುವಾಗಲೇ ಅರ್ಧ ಚೀಲ, ಬೀಜಕ್ಕೆ ತಾಗದಂತೆ. ತಿಂಗಳಿಗೆ ಒಂದು, ಸೂಲಂಗಿಗೆ ಮುಂಚೆ ಇನ್ನರ್ಧ. ಒಟ್ಟು 50 ಕಿಲೋ. ಎರಡರ ನಡುವಿನ ಅಂತರ ಎಕರೆಗೆ ಒಂದು ಚೀಲ ಯೂರಿಯಾ. ಜೋಳದ ಕಡೆ ಆ ಮೊದಲ ಅರ್ಧ ಚೀಲವೇ ಮುಖ್ಯ. ಅದನ್ನು ತಪ್ಪಿಸಿ ಆಮೇಲೆ ಎರಡು ಚೀಲ ಸುರಿದರೂ ಬೆಳೆ ಮೊದಲಿನ ಸೊರಗನ್ನು ಪೂರ್ತಿ ತುಂಬಿಕೊಳ್ಳುವುದಿಲ್ಲ. ಮೇಲುಗೊಬ್ಬರವನ್ನು ಸಾಲಿನ ಪಕ್ಕ ಹಾಕಿ ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿಸುತ್ತೇನೆ. ಎರೆ ಮಣ್ಣಿನ ಮೇಲೆ ಬಿಟ್ಟ ಯೂರಿಯಾದಲ್ಲಿ ಒಂದು ಪಾಲು ಗಾಳಿಗೆ ಹೋಗುತ್ತದೆ.

ಈ ಅಂಕಿಗಳು ನನ್ನ ಹೊಲದವು. ಬೇರೆಯವರು ಅವನ್ನು ಎತ್ತಿಕೊಳ್ಳುವುದಕ್ಕಿಂತ ಪಟ್ಟಿ ಬಿಡುವುದನ್ನು ಕಲಿಯಲಿ ಎನ್ನುತ್ತೇನೆ. ಪ್ರತಿ ಭಾಗದಲ್ಲೂ ಆರು ಸಾಲಿಗೆ ಯೂರಿಯಾವನ್ನೇ ಹಾಕುವುದಿಲ್ಲ, ಪಕ್ಕದ ಆರು ಸಾಲಿಗೆ ಬಿತ್ತನೆಯ ಬೆನ್ನಲ್ಲೇ ಧಾರಾಳವಾಗಿ ಹಾಕುತ್ತೇನೆ. ಮೊದಲ ಸಲ ಪಕ್ಕದ ಹೊಲದ ಹಿರಿಯರು ನೋಡಿ, “ಏನಪ್ಪಾ, ಗೊಬ್ಬರ ಹಾಕುವಾಗ ನಡುವೆ ನಿದ್ದೆ ಬಂತೇನು?” ಎಂದಿದ್ದರು. “ಇಲ್ಲ ಕಾಕಾ, ಬೇಕೆಂದೇ ಬಿಟ್ಟಿದ್ದು” ಎಂದರೆ ನಗುತ್ತ ಹೋದರು. ಮೇಲುಗೊಬ್ಬರಕ್ಕೆ ಮುಂಚೆ ಧಾರಾಳದ ಪಟ್ಟಿಯಿಂದ ಒಂದು ಎಲೆ, ಉಳಿದ ಹೊಲದಿಂದ ಅದೇ ಎತ್ತರದ ಒಂದು ಎಲೆ ಕಿತ್ತು, ಬಿಳಿ ಟವೆಲ್ಲಿನ ಮೇಲೆ ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಬಣ್ಣದಲ್ಲಿ ಭೇದ ಕಾಣದಿದ್ದರೆ ನೆಲ ಇನ್ನೂ ಕೊಡುತ್ತಿದೆ; ಒಂದು ವಾರ ಕಾಯಬಹುದು. ಕೆಳಗಿನ ಎಲೆ ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತ ಬಂದಿದ್ದರೆ ಕಾಯುವ ಮಾತಿಲ್ಲ. ಕೊನೆಗೆ ಯೂರಿಯಾ ಕಾಣದ ಸಾಲುಗಳ ತೆನೆ ಸುಲಿದು ನೋಡಿದರೆ ಎಲ್ಲ ಬಯಲಾಗುತ್ತದೆ. ಕಡಲೆ ಕಡೆಯದ್ದು ಸಣ್ಣದಾದರೂ ತುದಿಯವರೆಗೆ ಕಾಳು ಕಟ್ಟಿರುತ್ತದೆ, ಜೋಳದ ಕಡೆಯದ್ದು ಮೇಲಿನ ಎರಡು ಬೆರಳು ಬೋಳು.

ಮಳೆ ಈ ಲೆಕ್ಕವನ್ನೆಲ್ಲ ಬುಡಮೇಲು ಮಾಡಬಲ್ಲದು. ಒಂದು ವರ್ಷ ಮೃಗಶಿರಾ ಮಳೆ ಜಡಿದು ಹೊಲದಲ್ಲಿ ನೀರು ನಿಂತಾಗ ಕಡಲೆ ಬಿಟ್ಟುಹೋದ ಸಾರಜನಕವೂ ಉಳಿಯಲಿಲ್ಲ. ಟವೆಲ್ಲಿನ ಮೇಲೆ ಎರಡೂ ಎಲೆ ಬೇರೆ ಬೇರೆ ಕಂಡವು. ಆ ಸಲ ಕಡಲೆ ಕಡೆಗೂ ಅರ್ಧ ಚೀಲ ಹೆಚ್ಚಿಗೆ ಹಾಕಿದೆ.

ಹಾಗೆಂದು ಜೋಳ ಬಿಡುವವನಲ್ಲ. ಹೆಚ್ಚಿನ ಒಂದು ಚೀಲ ಯೂರಿಯಾಕ್ಕೆ ಸುಮಾರು 270 ರೂಪಾಯಿ. ಆ ಹಣಕ್ಕೆ ಎಷ್ಟು ಕಣಿಕೆ ಬರುತ್ತದೆ ಎಂದು ಎತ್ತು ಕಟ್ಟಿದವರಿಗೆ ಗೊತ್ತು. ಕೂಳೆಯನ್ನು ಮಾತ್ರ ಜೋಳ ಕೊಯ್ದ ಕೂಡಲೇ ಮಗುಚಿ ಹಾಕುತ್ತೇನೆ, ಬೇಸಿಗೆಯ ಅಡ್ಡಮಳೆಗೆ ಒಂದಿಷ್ಟು ಕೊಳೆತಿರಲಿ ಎಂದು. ಕಡಲೆಯನ್ನು ಈ ಸಲ ಯಂತ್ರದಿಂದ ಕೊಯ್ಯಿಸಿದ್ದೇನೆ. ನೆಟ್ಟಗೆ ಎತ್ತರಕ್ಕೆ ಬೆಳೆಯುವ ತಳಿ ಬಿತ್ತಿದ್ದರಿಂದ ಸಾಧ್ಯವಾಯಿತು. ಬೇರು ನೆಲದಲ್ಲೇ ಉಳಿದಿದೆ, ಹೊಟ್ಟೂ ಹೊಲದಲ್ಲೇ ಚೆಲ್ಲಿದೆ. ಒಳ್ಳೆಯದೇ, ಆದರೆ ಕಾಂಡದ ಒಣ ಹೊಟ್ಟು ಮೊದಲ ತಿಂಗಳು ತಾನೂ ಒಂದಿಷ್ಟು ಕೈಗಡ ಕೇಳಬಹುದು. ಅದಕ್ಕೇ ಆ ಭಾಗದ ಪಟ್ಟಿಗಳನ್ನು ಈ ಸಲ ಎರಡು ಕಡೆ ಬಿಟ್ಟು, ಎಕರೆಗೆ ಅರ್ಧ ಚೀಲದಂತೆ ಯೂರಿಯಾವನ್ನು ಬೇರೆಯಾಗಿ ತೆಗೆದಿಟ್ಟಿದ್ದೇನೆ.