‘ಹತ್ತು ಕೋಟಿ ಕೊಡಿ’ ಅಂತ ನೋಟಿಸ್ ಬಂದರೆ

ಕೆರೆಗೆ ಕೊಳಚೆ ಬಿಡುತ್ತಿದ್ದ ಪೈಪಿನ ಫೋಟೊ ಹಾಕಿದ್ದ ಹುಡುಗನೊಬ್ಬನಿಗೆ ವಕೀಲರ ನೋಟಿಸ್ ಬಂತು. ಮಾನನಷ್ಟಕ್ಕೆ ಹತ್ತು ಕೋಟಿ ಕೊಡಬೇಕಂತೆ. ಆ ರಾತ್ರಿಯೇ ಫೋಟೊ ಅಳಿಸಿ, ಕ್ಷಮೆ ಕೇಳಿಬಿಟ್ಟ. ಬಂದಿದ್ದು ಬರೀ ನೋಟಿಸ್, ಕೇಸೇ ಹಾಕಿರಲಿಲ್ಲ! ಹೀಗೆ ಹೆದರಿ ಬಾಯಿ ಮುಚ್ಚಿಕೊಂಡವರನ್ನು ಜಾಸ್ತಿ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪ್ರಶ್ನೆ ಎತ್ತಿದವರ ಬಾಯಿ ಮುಚ್ಚಿಸಲೆಂದೇ ಹಾಕುವ ಕೇಸುಗಳಿಗೆ ಸ್ಲ್ಯಾಪ್ (SLAPP) ಅನ್ನುತ್ತಾರೆ. ಇವನ್ನು ಶುರುವಿನಲ್ಲೇ ಕಿತ್ತುಹಾಕುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿಲ್ಲ. ಇರುವ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ದಾರಿ ಹುಡುಕಬೇಕು.

ಮೊದಲು ಮೂಲ ಫೋಟೊ, ದಾಖಲೆ, ಪೋಸ್ಟಿನ ಸ್ಕ್ರೀನ್‌ಶಾಟ್ ಎತ್ತಿಡಿ. ಆಮೇಲೆ ವಕೀಲರ ಕೈಯಿಂದ ಉತ್ತರ ಬರೆಸಿ. ನೆಟ್ಟಲ್ಲಿ ಸಿಗುವ ರೆಡಿಮೇಡ್ ಕ್ಷಮಾಪಣೆ ಪತ್ರ ಬೇಡವೇ ಬೇಡ. ತಪ್ಪು ಒಪ್ಪಿಕೊಂಡಿರಿ ಅಂತ ನಾಳೆ ಅದನ್ನೇ ಕೋರ್ಟಿಗೆ ತೋರಿಸುತ್ತಾರೆ.

ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ನಿಮಗೆ ಗೊತ್ತಾಗುವ ಮೊದಲೇ ಅವರು ಏಕಪಕ್ಷೀಯ ತಡೆಯಾಜ್ಞೆ ತಂದುಬಿಡಬಹುದು. ಅದನ್ನು ತಪ್ಪಿಸಲು ಕೇವಿಯಟ್ ಹಾಕಿ. ‘ನನ್ನ ಮಾತು ಕೇಳದೆ ಆದೇಶ ಕೊಡಬೇಡಿ’ ಅನ್ನುವ ಅರ್ಜಿ ಅದು. ಸಂಹಿತೆಯ 148ಎ ಕಲಮಿನಲ್ಲಿದೆ. ಅದರ ನೋಟಿಸನ್ನು ಎದುರಿನವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಕೇವಿಯಟ್ 90 ದಿನ ಮಾತ್ರ ನಡೆಯುತ್ತದೆ, ಮರೆಯದೆ ಹೊಸದು ಹಾಕಬೇಕು. ಹಾಕಿದ ಕೋರ್ಟಿನಲ್ಲಷ್ಟೇ ಕೆಲಸ ಮಾಡುತ್ತದೆ. ನಿಮ್ಮೂರು ತುಮಕೂರಾದರೂ ಕಂಪನಿ ಬೆಂಗಳೂರಿನದಾದರೆ ಎರಡೂ ಕಡೆ ಹಾಕಿ ಅಂತಲೇ ನಾನು ಹೇಳುವುದು. ಖರ್ಚು ನೋಡಬೇಡಿ.

ತಡೆಯಾಜ್ಞೆ ಬಂದೇಬಿಟ್ಟಿದೆಯಾ? ಮೊದಲು ಅದನ್ನು ಪಾಲಿಸಿ. ಮೀರಿದರೆ ಮೂರು ತಿಂಗಳವರೆಗೆ ಸಿವಿಲ್ ಜೈಲಿಗೆ ಕಳಿಸಬಹುದು. ಜೊತೆಗೇ ಸಂಹಿತೆಯ ಆದೇಶ 39, ನಿಯಮ 4ರಡಿ ಅದರ ತೆರವಿಗೆ ಅರ್ಜಿ ಹಾಕಿಸಿ. ಅವರು ಕೋರ್ಟಿಗೆ ಗೊತ್ತಿದ್ದೂ ಸುಳ್ಳು ಹೇಳಿದ್ದರೆ ಅದನ್ನೇ ಎತ್ತಿ ತೋರಿಸಿ. ಸುದ್ದಿಸಂಸ್ಥೆ ಬ್ಲೂಮ್‌ಬರ್ಗ್ ಮೇಲೆ ಝೀ ಕಂಪನಿ ಹಾಕಿದ್ದ ಮಾನನಷ್ಟ ಪ್ರಕರಣದ ತೀರ್ಪಿನ ಪ್ರತಿಯನ್ನೂ ಲಗತ್ತಿಸಿ. ವಿಚಾರಣೆಗೆ ಮೊದಲೇ ಬರಹ ತೆಗೆಸುವ ಆದೇಶವನ್ನು ಸುಮ್ನೆ ಕೊಡಬಾರದು ಅಂತ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸ್ಲ್ಯಾಪ್ ಪದವನ್ನೂ ಬಳಸಿತು.

ಪೋಸ್ಟ್ ಹಳೆಯದಾ? ಮಾನನಷ್ಟ ಪರಿಹಾರದ ದಾವೆಗೆ ಒಂದೇ ವರ್ಷದ ಗಡುವು. ತಾರೀಖು ಲೆಕ್ಕ ಹಾಕಿ.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೋಗುವಾಗ ನೋಟಿಸಿನ ಜೊತೆ ಅದು ಬಂದ ಲಕೋಟೆಯನ್ನೂ ಒಯ್ಯಿರಿ. ಅಂಚೆ ಮುದ್ರೆಯ ತಾರೀಖು ಇರುವುದು ಅದರ ಮೇಲೆಯೇ.